ಕೆಮ್ಮು ನಿಂತರೆ ಟಿಬಿ ಮಾತ್ರೆ ಬಿಡಬಹುದೇ? ಬ್ಯಾಕ್ಟೀರಿಯಾದ ಜೀನ್‌ಗಳು ಹೇಳುವುದೇ ಬೇರೆ

"ಎರಡು ತಿಂಗಳು ಮಾತ್ರೆ ತಗೊಂಡಾಯ್ತು, ಕೆಮ್ಮು ನಿಂತಿದೆ, ತೂಕವೂ ಹೆಚ್ಚಿದೆ. ಇನ್ನೇಕೆ ಮಾತ್ರೆ?" ಟಿಬಿ, ಅಂದರೆ ಕ್ಷಯರೋಗಕ್ಕೆ ಚಿಕಿತ್ಸೆ ಪಡೆಯುವ ಹಲವರು ಹೀಗೆ ಕೇಳುತ್ತಾರೆ. ಉತ್ತರ ಒಂದೇ: ನಿಲ್ಲಿಸಬಾರದು. ಕಾರಣ ತಿಳಿಯಲು ಬ್ಯಾಕ್ಟೀರಿಯಾದ ಒಳಗೆ ಇಣುಕಿ ನೋಡೋಣ.

ಜೀನ್ ಕೆಲಸ ಮಾಡುವುದು ಹೇಗೆ?

ಟಿಬಿ ಬ್ಯಾಕ್ಟೀರಿಯಾದಲ್ಲಿ ಸುಮಾರು 4,000 ಜೀನ್‌ಗಳಿವೆ ಎಂದು 1998ರಲ್ಲಿ ತಿಳಿಯಿತು. ಆದರೆ ಎಲ್ಲವೂ ಸದಾ ಕೆಲಸ ಮಾಡುವುದಿಲ್ಲ. ನಮ್ಮ ಮನೆಗಳಲ್ಲಿ ದಿನದ ಅಡುಗೆಗೆ ಕುಕ್ಕರ್ ಸಾಕು. ಮದುವೆ ಬಂದಾಗ ಮಾತ್ರ ಅಟ್ಟದಿಂದ ಕೊಪ್ಪರಿಗೆ ಇಳಿಯುತ್ತದೆ. ಜೀನ್‌ಗಳೂ ಹಾಗೆಯೇ. ಜೀನ್ ಕೆಲಸ ಶುರು ಮಾಡಿದಾಗ ಅದರ ನಕಲು ಆರ್‌ಎನ್‌ಎ ರೂಪದಲ್ಲಿ ತಯಾರಾಗುತ್ತದೆ. ಇದು ಜೀನ್ ಅಭಿವ್ಯಕ್ತಿಯ ಮೊದಲ ಹಂತ. ಈ ಆರ್‌ಎನ್‌ಎ ಅಳೆದು, ಯಾವ ಜೀನ್ ಚುರುಕಾಗಿದೆ, ಯಾವುದು ಸುಮ್ಮನಿದೆ ಎಂದು ವಿಜ್ಞಾನಿಗಳು ಪತ್ತೆ ಹಚ್ಚುತ್ತಾರೆ.

ನಿದ್ದೆಗೆ ಜಾರುವ ಬ್ಯಾಕ್ಟೀರಿಯಾ

ಪ್ರಯೋಗಾಲಯದಲ್ಲಿ ಆಮ್ಲಜನಕ ಕಡಿಮೆ ಮಾಡಿದರೆ 'ಡಾಸ್ ಆರ್' ಎಂಬ ಪ್ರೋಟೀನ್ ಸುಮಾರು 50 ಜೀನ್‌ಗಳನ್ನು ಎಬ್ಬಿಸುತ್ತದೆ. ಬೆಳವಣಿಗೆ ನಿಲ್ಲಿಸಿ, ಸದ್ದಿಲ್ಲದೆ ಬದುಕುಳಿಯಲು ಇವು ಬ್ಯಾಕ್ಟೀರಿಯಾಕ್ಕೆ ನೆರವಾಗುತ್ತವೆ. ಟಿಬಿ ಶ್ವಾಸಕೋಶದಲ್ಲಿ ಮಾಡುವ ಗಂಟುಗಳ ಒಳಗೂ ಆಮ್ಲಜನಕ ಕಡಿಮೆ ಇರಬಹುದು.

ಐಸೋನಿಯಾಜಿಡ್ ಮಾತ್ರೆ ಬ್ಯಾಕ್ಟೀರಿಯಾ ಹೊಸ ಕೋಶಗೋಡೆ ಕಟ್ಟುವುದನ್ನು ತಡೆಯುತ್ತದೆ. ಬೆಳೆಯುವ ಬ್ಯಾಕ್ಟೀರಿಯಾಕ್ಕೆ ಇದು ಮಾರಕ. ಬೆಳೆಯದೆ ಮಲಗಿರುವುದಕ್ಕೆ ಅಷ್ಟಾಗಿ ತಟ್ಟುವುದಿಲ್ಲ. ಮೊದಲ ವಾರಗಳಲ್ಲಿ ಚುರುಕಾಗಿರುವವು ಸಾಯುತ್ತವೆ, ಕೆಮ್ಮು ಇಳಿಯುತ್ತದೆ. ಮಲಗಿರುವವು ಉಳಿದಿರಬಹುದು. ಅದಕ್ಕಾಗಿಯೇ ಸಾಮಾನ್ಯ ಶ್ವಾಸಕೋಶದ ಟಿಬಿಗೆ ರೂಢಿಯ ಚಿಕಿತ್ಸೆ 6 ತಿಂಗಳು: ಮೊದಲ 2 ತಿಂಗಳು ನಾಲ್ಕು ಔಷಧ, ನಂತರದ 4 ತಿಂಗಳು ಕಡಿಮೆ.

ಮಧ್ಯೆ ಬಿಟ್ಟರೆ?

ರಿಫಾಂಪಿಸಿನ್ ಔಷಧ ಆರ್‌ಎನ್‌ಎ ತಯಾರಿಸುವ ಯಂತ್ರವನ್ನೇ ಕಟ್ಟಿಹಾಕುತ್ತದೆ. ಆ ಯಂತ್ರದ ಜೀನ್‌ನಲ್ಲಿ ಸಣ್ಣ ಬದಲಾವಣೆಯಾದರೂ ಔಷಧ ನಾಟದೇ ಹೋಗಬಹುದು. ಅರ್ಧಂಬರ್ಧ ಚಿಕಿತ್ಸೆಯಲ್ಲಿ ಇಂಥ ಬ್ಯಾಕ್ಟೀರಿಯಾವೇ ಉಳಿದು ಹೆಚ್ಚುತ್ತದೆ. ಆಗ ಚಿಕಿತ್ಸೆ ಕಷ್ಟವಾಗುತ್ತದೆ, ಮನೆಯವರಿಗೂ ಅದೇ ಹಟಮಾರಿ ಟಿಬಿ ಹರಡಬಹುದು. ಬೆಂಗಳೂರಿನಲ್ಲಿ ಅಭಿವೃದ್ಧಿಯಾದ ಟ್ರೂನ್ಯಾಟ್ ಪರೀಕ್ಷೆ ಈ ಬದಲಾವಣೆಯನ್ನೂ ಹುಡುಕುತ್ತದೆ.

ನೆನಪಿಡಿ

ಕೆಮ್ಮು ನಿಂತಿತೆಂದರೆ ರೋಗ ಹೋಯಿತೆಂದಲ್ಲ. ಮಾತ್ರೆಯಿಂದ ವಾಂತಿ, ಕಣ್ಣು ಹಳದಿಯಾಗುವುದು, ದೃಷ್ಟಿ ಮಂಜಾಗುವುದು ಕಂಡರೆ ಕೂಡಲೇ ವೈದ್ಯರಿಗೆ ತಿಳಿಸಿ. ಔಷಧ ಬದಲಿಸುವುದು, ನಿಲ್ಲಿಸುವುದು ಅವರ ನಿರ್ಧಾರ. ಸರ್ಕಾರಿ ಆಸ್ಪತ್ರೆಗಳಲ್ಲಿ ಟಿಬಿ ಔಷಧ ಉಚಿತ. ನಿಮ್ಮವರಲ್ಲಿ ಯಾರಾದರೂ ಮಾತ್ರೆ ಬಿಡುವ ಯೋಚನೆಯಲ್ಲಿದ್ದರೆ, ಇದನ್ನು ಅವರಿಗೆ ಕಳುಹಿಸಿ.