ಕ್ಷಣದಲ್ಲಿ ಕವಿಯುವ ನಿದ್ರೆ

ಶಸ್ತ್ರಚಿಕಿತ್ಸೆಯೆಂದರೆ ಒಂದು ಕಾಲದಲ್ಲಿ ಯಮಯಾತನೆಯೇ ಆಗಿತ್ತು. 1846ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಮಾರ್ಟನ್ ಎಂಬ ದಂತವೈದ್ಯರು ಈಥರ್ ಆವಿಯಿಂದ ರೋಗಿಯ ಅರಿವನ್ನು ಅಳಿಸಬಹುದೆಂಬುದನ್ನು ಬಹಿರಂಗವಾಗಿ ತೋರಿಸಿದರು. ಆದರೆ ಆ ಕಟುವಾದ ಆವಿಯನ್ನು ಸೇವಿಸಿ, ಕೆಮ್ಮುತ್ತ ನಿದ್ರೆಗೆ ಜಾರಲು ರೋಗಿಗೆ ಹಲವು ನಿಮಿಷಗಳೇ ಬೇಕಾಗುತ್ತಿದ್ದವು. ಈ ತೊಂದರೆಯನ್ನು ನೀಗಿಸಿದ ಔಷಧಗಳಲ್ಲಿ ಥಯೋಪೆಂಟೋನ್ ಮುಖ್ಯವಾದುದು.

ಇದು ಬಾರ್ಬಿಟ್ಯುರೇಟ್ ವರ್ಗಕ್ಕೆ ಸೇರಿದೆ. ಈ ವರ್ಗದ ಮೂಲವಸ್ತುವಾದ ಬಾರ್ಬಿಟ್ಯುರಿಕ್ ಆಮ್ಲವನ್ನು ಜರ್ಮನಿಯ ರಸಾಯನವಿಜ್ಞಾನಿ ಅಡಾಲ್ಫ್ ವಾನ್ ಬೇಯರ್ 1864ರಲ್ಲಿ ತಯಾರಿಸಿದ್ದರು. ಥಯೋಪೆಂಟೋನನ್ನು ರೂಪಿಸಿದವರು ಅಮೆರಿಕದ ವಾಲ್ವೈಲರ್ ಮತ್ತು ಟೇಬರ್ನ್. 1934ರಲ್ಲಿ ರಾಲ್ಫ್ ವಾಟರ್ಸ್ ಮತ್ತು ಜಾನ್ ಲಂಡಿ ಎಂಬ ವೈದ್ಯರು ಅದನ್ನು ರೋಗಿಗಳಿಗೆ ಕೊಡಲಾರಂಭಿಸಿದರು.

ಹಳದಿ ಛಾಯೆಯ ಈ ಪುಡಿಯನ್ನು ನೀರಿನಲ್ಲಿ ಕರಗಿಸಿ ಅಭಿಧಮನಿಗೆ ಚುಚ್ಚುತ್ತಾರೆ. ಸುಮಾರು ಅರ್ಧ ನಿಮಿಷದಲ್ಲಿಯೇ ರೋಗಿಗೆ ನಿದ್ರೆ ಕವಿಯುತ್ತದೆ. ಒಂದೇ ಪ್ರಮಾಣವನ್ನು ಕೊಟ್ಟಿದ್ದರೆ ಐದರಿಂದ ಹತ್ತು ನಿಮಿಷಗಳಲ್ಲಿ ಎಚ್ಚರವಾಗುತ್ತದೆ. ಅಷ್ಟರಲ್ಲಿ ಔಷಧವು ನಾಶವಾಯಿತೇ? ಇಲ್ಲ. ಮಿದುಳಿಗೆ ರಕ್ತವು ಧಾರಾಳವಾಗಿ ಹರಿಯುವುದರಿಂದ ಔಷಧವು ಮೊದಲು ಅಲ್ಲಿಗೆ ತಲುಪುತ್ತದೆ. ಬಳಿಕ ರಕ್ತದೊಡನೆ ಹೊರಟು ಸ್ನಾಯುಗಳಿಗೂ, ಅನಂತರ ಕೊಬ್ಬಿಗೂ ಹಂಚಿಹೋಗುತ್ತದೆ. ಮಿದುಳಿನಲ್ಲಿ ಅದರ ಅಂಶವು ತಗ್ಗಿದೊಡನೆ ರೋಗಿಯು ಕಣ್ಣು ತೆರೆಯುತ್ತಾನೆ. ಯಕೃತ್ತು ಅದನ್ನು ವಿಭಜಿಸಿ ಮುಗಿಸಲು ಹಲವು ಗಂಟೆಗಳು ಬೇಕು. ಆದುದರಿಂದ ಮತ್ತೆ ಮತ್ತೆ ಕೊಟ್ಟರೆ ಔಷಧವು ದೇಹದಲ್ಲಿ ಸಂಗ್ರಹವಾಗಿ, ಎಚ್ಚರವು ಬಹಳ ತಡವಾಗುತ್ತದೆ.

ಈ ಔಷಧವು ನಿದ್ರೆಯನ್ನು ತರುತ್ತದೆಯೇ ಹೊರತು ನೋವನ್ನು ಶಮನಗೊಳಿಸುವುದಿಲ್ಲ. ಅಲ್ಲದೆ ಅದು ಉಸಿರಾಟವನ್ನು ಕುಂದಿಸುತ್ತದೆ, ರಕ್ತದೊತ್ತಡವನ್ನು ಇಳಿಸುತ್ತದೆ. ಬಹಳ ರಕ್ತವನ್ನು ಕಳೆದುಕೊಂಡವರಿಗೆ ಸಾಮಾನ್ಯ ಪ್ರಮಾಣವೂ ಪ್ರಾಣಾಂತಿಕವಾಗಬಹುದು. 1941ರ ಡಿಸೆಂಬರ್ 7ರಂದು ಹವಾಯಿಯ ಪರ್ಲ್ ಹಾರ್ಬರ್ ಮೇಲೆ ಬಾಂಬ್ ದಾಳಿಯಾದಾಗ, ಅನೇಕ ಗಾಯಾಳುಗಳು ಈ ಔಷಧದಿಂದಲೇ ಮಡಿದರೆಂಬ ಮಾತು ಹಬ್ಬಿತು. ಮುಂದೆ ದಾಖಲೆಗಳನ್ನು ಪರಿಶೀಲಿಸಿದಾಗ ಅದು ಬಹುಮಟ್ಟಿಗೆ ಉತ್ಪ್ರೇಕ್ಷೆಯೆಂದು ತಿಳಿದುಬಂದಿತು. ಆದರೂ ಗಾಯಾಳುಗಳಿಗೆ ಅಲ್ಪ ಪ್ರಮಾಣದಲ್ಲಿ ಕೊಡಬೇಕು, ಆಮ್ಲಜನಕವು ಕೈಯಳತೆಯಲ್ಲಿರಬೇಕು ಎಂಬ ಎಚ್ಚರಿಕೆ ವೈದ್ಯರಲ್ಲಿ ಬಲವಾಗಿ ನೆಲೆಗೊಂಡಿತು.

1980ರ ದಶಕದಲ್ಲಿ ಬಳಕೆಗೆ ಬಂದ ಪ್ರೊಪೊಫಾಲ್ ಇಂದು ಬಹುಪಾಲು ಇದರ ಸ್ಥಾನವನ್ನು ಆಕ್ರಮಿಸಿದೆ. ಔಷಧ ಯಾವುದೇ ಆಗಿರಲಿ, ರೋಗಿಯ ತೂಕ, ವಯಸ್ಸು, ದೇಹಸ್ಥಿತಿಗಳನ್ನು ಅರಿತು ಪ್ರಮಾಣವನ್ನು ನಿರ್ಧರಿಸುವವರು ಅರಿವಳಿಕೆ ತಜ್ಞರು. ರೋಗಿಯು ನಿದ್ರಿಸುವಷ್ಟು ಹೊತ್ತೂ ಅವನ ಉಸಿರು, ನಾಡಿಗಳ ಮೇಲೆ ಅವರ ಕಣ್ಣಿರುತ್ತದೆ. ಒಬ್ಬರ ಎಚ್ಚರವೇ ಮತ್ತೊಬ್ಬರ ನಿದ್ರೆಗೆ ಕಾವಲು.