ಬೆಂಕಿಕಡ್ಡಿ, ಸೈಕಲ್ ಟ್ಯೂಬು, ಜೊತೆಗೊಂದು ಪಾಠ

“ಮುಟ್ಟಬೇಡ, ಹಾಳಾಗುತ್ತೆ!” ದಿನಕ್ಕೆ ಎಷ್ಟು ಸಲ ಅಂತೀರಿ ಈ ಮಾತನ್ನು? ಸ್ವಂತ ಮಗುವಿಗೇ ಹೀಗೆ ಅಂದ ಮೇಲೆ, ಪಾತ್ರೆ ತೊಳೆಯುವವಳ ಜೊತೆ ಬಂದು ಹಿತ್ತಿಲ ಬಾಗಿಲಲ್ಲಿ ಕೂತ ಹುಡುಗಿಗೆ ಏನು ಹೇಳುತ್ತೇವೋ ಬೇರೆ ಹೇಳಬೇಕೆ? ಎಷ್ಟೋ ಶಾಲೆಗಳಲ್ಲೂ ಅದೇ ಕಥೆ. ವಿಜ್ಞಾನದ ಸಾಮಾನೆಲ್ಲ ಬೀರುವಿನೊಳಗೆ, ಬೀರುವಿಗೊಂದು ಬೀಗ. ಮುಟ್ಟಿದರೆ ಒಡೆಯುತ್ತೆ, ಒಡೆದರೆ ದುಡ್ಡು ಕೊಡುವವರು ಯಾರು?

ಬಡವರ ಕೈಗೂ ಎಟಕುವಂಥ ಸಾಧನ ಮಾಡಬೇಕೆಂದು ದೊಡ್ಡವರು ಹೆಣಗಿಲ್ಲ ಅಂತಲ್ಲ. ನಮ್ಮ ಬೆಂಗಳೂರಿನಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ‘ಸಿಂಪ್ಯೂಟರ್’ ಎಂಬ ಅಂಗೈ ಕಂಪ್ಯೂಟರನ್ನು ರೂಪಿಸಿದ್ದರು. ಬೆಲೆ 9,000 ರೂಪಾಯಿಯ ಆಸುಪಾಸು ಇರಬೇಕೆಂಬ ಗುರಿ. ಊರಿಗೆಲ್ಲ ಒಂದೇ ಯಂತ್ರ, ಆದರೆ ಒಬ್ಬೊಬ್ಬರಿಗೂ ಬೇರೆ ಬೇರೆ ಕಾರ್ಡು, ಹಿಂದೆ ಕೇರಿಗೆಲ್ಲ ಒಂದೇ ಒರಳು ಇರುತ್ತಿತ್ತಲ್ಲ, ಹಾಗೆ! 2004ರಲ್ಲಿ ಮಾರುಕಟ್ಟೆಗೂ ಬಂತು. ಆದರೆ ಎಣಿಸಿದಷ್ಟು ಕೈಗಳಿಗೆ ತಲುಪಲಿಲ್ಲ. ಅಮೆರಿಕದ ನಿಕೊಲಾಸ್ ನೆಗ್ರೊಪಾಂಟೆ 2005ರಲ್ಲಿ ಮಕ್ಕಳಿಗಾಗಿ 100 ಡಾಲರಿನ ಕಂಪ್ಯೂಟರ್ ಎಂದು ಸಾರಿದರು. ಕೊನೆಗೆ ಅದರ ಬೆಲೆ 200 ಡಾಲರಿನ ಹತ್ತಿರ ಹೋಯಿತು. ಇವರ ಶ್ರಮವನ್ನು ಹಗುರ ಮಾಡುತ್ತಿಲ್ಲ. ಆದರೂ ಗೃಹಿಣಿಯಾಗಿ ನಾನು ಮೊದಲು ಕೇಳುವುದು ಒಂದೇ: ಕೆಟ್ಟರೆ ರಿಪೇರಿ ಯಾರು ಮಾಡ್ತಾರೆ?

ಇದಕ್ಕೆ ನನಗೆ ಒಪ್ಪುವ ಉತ್ತರ ಕೊಟ್ಟವರು ಅರವಿಂದ ಗುಪ್ತಾ. ಕಾನ್ಪುರದ ಐಐಟಿಯಲ್ಲಿ ಓದಿದ ಎಂಜಿನಿಯರು, ಪುಣೆಯ ಟೆಲ್ಕೊ ಕಾರ್ಖಾನೆಯಲ್ಲಿ ಕೆಲಸ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ ಹಳ್ಳಿ ಶಾಲೆಗಳಲ್ಲಿ ಮಕ್ಕಳೇ ಪ್ರಯೋಗ ಮಾಡಿ ವಿಜ್ಞಾನ ಕಲಿಯುವ ಕಾರ್ಯಕ್ರಮವೊಂದು 1972ರಲ್ಲಿ ಶುರುವಾಗಿತ್ತು. 1978ರಲ್ಲಿ ಗುಪ್ತಾ ಕಾರ್ಖಾನೆಗೆ ರಜೆ ಹಾಕಿ ಅಲ್ಲಿಗೆ ಹೋದರು. ಅಲ್ಲಿಯ ಸಂತೆ ಸುತ್ತಿದಾಗ ಕಣ್ಣಿಗೆ ಬಿದ್ದದ್ದು ಸೈಕಲ್ಲಿನ ವಾಲ್ ಟ್ಯೂಬು. ಅದಕ್ಕೆ ಬೆಂಕಿಕಡ್ಡಿ ಸೇರಿಸಿದರು, ಅಷ್ಟೇ! 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ನೀವೂ ಮಾಡಿ ನೋಡಿ. ಹಳೇ ಸೈಕಲ್ ಅಂಗಡಿಯಲ್ಲಿ ವಾಲ್ ಟ್ಯೂಬು ಕೇಳಿ, ತೆಳ್ಳಗಿನ ಕಪ್ಪು ರಬ್ಬರ್ ಕೊಳವೆ ಕೊಡುತ್ತಾರೆ. ಒಂದೂವರೆ ಸೆಂಟಿಮೀಟರಿನ ಚೂರುಗಳಾಗಿ ಕತ್ತರಿಸಿ. ಕಡ್ಡಿಗಳ ತುದಿಯ ಮದ್ದನ್ನು ಕೆರೆದು ತೆಗೆದುಬಿಡಿ (ಇದನ್ನು ನೀವೇ ಮಾಡಿ, ಮಕ್ಕಳಿಗೆ ಬಿಡಬೇಡಿ). ಚೂರಿನ ಎರಡೂ ಬಾಯಿಗೆ ಒಂದೊಂದು ಕಡ್ಡಿ ತೂರಿಸಿದರೆ ಕೀಲು ಸಿದ್ಧ, ಬೇಕಾದ ಹಾಗೆ ಬಾಗುತ್ತೆ. ಮೂರು ಕಡ್ಡಿ, ಮೂರು ಚೂರು ಸೇರಿಸಿ ತ್ರಿಕೋನ ಮಾಡಿ. ನಾಲ್ಕು ನಾಲ್ಕು ಸೇರಿಸಿ ಚೌಕ ಮಾಡಿ. ಈಗ ಎರಡನ್ನೂ ಮಗುವಿನ ಕೈಗೆ ಕೊಟ್ಟು, ಒತ್ತು ಅನ್ನಿ. ಚೌಕ ಸೊಟ್ಟಗಾಗುತ್ತೆ, ತ್ರಿಕೋನ ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ಹಂಚಿನ ಮಾಡಿನ ಮರಗಳು, ಸೈಕಲ್ಲಿನ ಚೌಕಟ್ಟು ಯಾಕೆ ತ್ರಿಕೋನವಾಗಿರುತ್ತವೆ ಅಂತ ಆಮೇಲೆ ನೀವು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಸೊಟ್ಟ ಚೌಕಕ್ಕೆ ಮೂಲೆಯಿಂದ ಮೂಲೆಗೆ ಅಡ್ಡ ಕಡ್ಡಿಯೊಂದನ್ನು ಕಟ್ಟಬೇಕೆಂದು ಮಗುವೇ ಹೇಳಲಿ, ಕಾಯಿರಿ. ಕೀಲಿನ ನಡುವೆ ಸೂಜಿಯಿಂದ ತೂತು ಮಾಡಿ ಮೂರನೆಯ ಕಡ್ಡಿ ಚುಚ್ಚಿದರೆ ಗೋಪುರ, ಮನೆ ಎಲ್ಲ ಎದ್ದು ನಿಲ್ಲುತ್ತವೆ.

ಮುರಿದರೆ? ಮುರಿಯಲಿ ಬಿಡಿ! ಇನ್ನೊಂದು ಕಡ್ಡಿ ಹಾಕಿದರಾಯಿತು. ಅಗ್ಗ ಎಂಬುದರ ನಿಜವಾದ ಬೆಲೆ ಇರುವುದು ಇಲ್ಲೇ ಅಂತ ನನ್ನ ಲೆಕ್ಕ. ಉಳಿದ ಹಣಕ್ಕಿಂತ, ಹಿತ್ತಿಲಲ್ಲಿ ಕೂತ ಆ ಹುಡುಗಿಯನ್ನೂ ಕರೆದು ಕೂರಿಸಿಕೊಳ್ಳಲು ನಮ್ಮ ಕೈ ಹಿಂಜರಿಯುವುದಿಲ್ಲ ನೋಡಿ, ಅದು ದೊಡ್ಡದು.

ವಾಲ್ ಟ್ಯೂಬು ಸಿಗಲಿಲ್ಲವೇ? ಒಣ ಬಟಾಣಿಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿಯಿರಿ. ತೆಂಗಿನ ಪೊರಕೆಕಡ್ಡಿಯನ್ನು ಒಂದೇ ಅಳತೆಗೆ ಮುರಿದು, ತುದಿ ಚೂಪು ಮಾಡಿ ಕಾಳಿಗೆ ಚುಚ್ಚಿ. ಕಿಂಡರ್‌ಗಾರ್ಟನ್ ಆರಂಭಿಸಿದ ಜರ್ಮನಿಯ ಫ್ರೋಬೆಲ್ ಅವರು ಮಕ್ಕಳಿಗೆ ಕೊಡುತ್ತಿದ್ದುದೂ ಇದೇ ಬಟಾಣಿ, ಕಡ್ಡಿ. ಕಾಳು ಒಣಗಿದಂತೆ ಕಡ್ಡಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತೆ. ಒಂದು ಬಟ್ಟಲು ಕಾಳು ಧಾರಾಳವಾಗಿ ಸಾಕು. ಹೆಚ್ಚಾಗಿ ನೆನೆದಿದ್ದರೆ ಮಧ್ಯಾಹ್ನದ ಸಾಗುವಿಗೆ ಹಾಕಿ.