ಮೊದಲ ಸಾಲು ನೋಡಿ

ಲ್ಯಾಬಿನಲ್ಲಿ ಯಾರಾದರೂ "ಮೇಡಂ, ಫೈಲು ಕಣ್ಣೆದುರಿಗೇ ಇದೆ, ಕಂಪ್ಯೂಟರು ಅಂಥ ಫೈಲೇ ಇಲ್ಲ ಅಂತಿದೆ" ಎಂದರೆ ನಾನು ನೋಡುವುದು ಅವರ ಸ್ಕ್ರಿಪ್ಟಿನ ಮೊದಲ ಸಾಲು. ಕಂಪ್ಯೂಟರಿಗೆ ಸಿಗದಿರುವುದು ಆ ಫೈಲಲ್ಲ, ಅದನ್ನು ಓದಿ ನಡೆಸಬೇಕಾದ ಇಂಟರ್‌ಪ್ರಿಟರ್.

#! ಎಂದು ಶುರುವಾಗುವ ಈ ಸಾಲಿಗೆ ಶಿಬ್ಯಾಂಗ್ ಅನ್ನುತ್ತಾರೆ. ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ 1980ರಲ್ಲಿ ಯೂನಿಕ್ಸ್ ಕರ್ನಲ್‌ಗೆ ಸೇರಿಸಿದ ಏರ್ಪಾಡು. ಫೈಲಿನ ಮೊದಲೆರಡು ಬೈಟು ಇವೇ ಆಗಿದ್ದರೆ, ಮುಂದೆ ಬರೆದಿರುವ ಜಾಗದ ಪ್ರೋಗ್ರಾಮಿಗೆ ಕರ್ನಲ್ ಆ ಫೈಲನ್ನು ಒಪ್ಪಿಸುತ್ತದೆ. ಅಲ್ಲಿ ಇಲ್ಲದಿದ್ದರೆ ಬೇರೆಲ್ಲೂ ಹುಡುಕುವುದಿಲ್ಲ.

ಆದರೆ ಆ ಜಾಗ ಎಲ್ಲ ಕಡೆ ಒಂದೇ ಅಲ್ಲ. ಉಬುಂಟುವಿನಲ್ಲಿ ಬ್ಯಾಶ್ ಎಂಬ ಇಂಟರ್‌ಪ್ರಿಟರ್ /ಬಿನ್ ಒಳಗಿದೆ. ಫ್ರೀಬಿಎಸ್‌ಡಿಯಲ್ಲಿ ನಾವೇ ಹಾಕಿಕೊಳ್ಳಬೇಕು, ಹಾಕಿದರೆ ಹೋಗಿ ಕೂರುವುದು /ಯುಎಸ್‌ಆರ್/ಲೋಕಲ್/ಬಿನ್‌ನಲ್ಲಿ. ಮ್ಯಾಕ್‌ನ /ಬಿನ್‌ನಲ್ಲಿ ಬ್ಯಾಶ್ ಇದೆ ನಿಜ, ಆದರೆ ಮುದಿ 3.2, ಲೈಸೆನ್ಸ್ ಬದಲಾದ ಮೇಲೆ ಆಪಲ್ ಹೊಸದನ್ನು ತೆಗೆದುಕೊಳ್ಳಲೇ ಇಲ್ಲ.

ಇದಕ್ಕೆ ಬಳಕೆಯಲ್ಲಿರುವ ಉಪಾಯ, ಪೈಥಾನ್ ಸ್ಕ್ರಿಪ್ಟಾದರೆ: #!/ಯುಎಸ್‌ಆರ್/ಬಿನ್/ಎನ್ವ್ ಪೈಥಾನ್3. ಹಳ್ಳಿಯಲ್ಲಿ ಮನೆ ನಂಬರ್ ಹಿಡಿದು ಅಲೆಯದೆ, ಚಹಾದಂಗಡಿಯಲ್ಲಿ ಹೆಸರು ಹೇಳಿ ಕೇಳಿದ ಹಾಗೆ. ಎನ್ವ್ ಎಂಬ ಪುಟ್ಟ ಪ್ರೋಗ್ರಾಂ ಬಳಕೆದಾರರ 'ಪಾಥ್' ಪಟ್ಟಿಯಲ್ಲಿರುವ ಫೋಲ್ಡರುಗಳನ್ನು ಒಂದೊಂದಾಗಿ ನೋಡಿ, ಮೊದಲು ಸಿಕ್ಕಿದ್ದನ್ನು ಓಡಿಸುತ್ತದೆ. ಹಳೆಯ ಜಾಗಗಳನ್ನು ಹೆಚ್ಚುಕಡಿಮೆ ಖಾಲಿ ಮಾಡಿದ ಲಿನಕ್ಸ್ ಆವೃತ್ತಿ ನಿಕ್ಸ್‌ಓಎಸ್ ಕೂಡ ಎನ್ವ್ ಅನ್ನು /ಯುಎಸ್‌ಆರ್/ಬಿನ್‌ನಲ್ಲೇ ಉಳಿಸಿಕೊಂಡಿದೆ. ಹೆಸರಿನ ಕೊನೆಯ 3 ಬಿಡಬೇಡಿ: ಬರೀ 'ಪೈಥಾನ್' ಎಂಬ ಹೆಸರು ಈಗ ಎಷ್ಟೋ ಕಂಪ್ಯೂಟರುಗಳಲ್ಲಿ ಇಲ್ಲ, ಆಪಲ್ 2022ರಲ್ಲಿ ಪೈಥಾನ್ 2 ಅನ್ನೇ ತೆಗೆದುಹಾಕಿತು.

ಮೊದಲು ಸಿಕ್ಕಿದ್ದು ಎಂದೆನಲ್ಲ, ಅಪಾಯವೂ ಅದೇ. ಪಟ್ಟಿಯ ಮುಂದೆ ಬೇರೆ ಪೈಥಾನ್ ಇದ್ದರೆ ಓಡುವುದು ಅದು. ರೂಟ್ ಅಧಿಕಾರದಲ್ಲಿ ಓಡುವ ಸ್ಕ್ರಿಪ್ಟಿಗೆ ನಾನಂತೂ ಪೂರ್ತಿ ವಿಳಾಸವನ್ನೇ ಬರೆಯುತ್ತೇನೆ. ಹೇಳಿದ ಹೊತ್ತಿಗೆ ತಾನೇ ಸ್ಕ್ರಿಪ್ಟ್ ಓಡಿಸುವ ಕ್ರಾನ್‌ನಲ್ಲಿ ಪಾಥ್ ಪಟ್ಟಿಯೇ ಮೋಟು. ಟರ್ಮಿನಲ್‌ನಲ್ಲಿ ಓಡಿದ್ದು ಅಲ್ಲಿ ಓಡದಿರುವುದು ಹೊಸದೇನಲ್ಲ.

ವಿಂಡೋಸ್ ಈ ಸಾಲನ್ನು ಕಣ್ಣೆತ್ತಿಯೂ ನೋಡುವುದಿಲ್ಲ, ಅದಕ್ಕೆ ಫೈಲಿನ ಹೆಸರಿನ ಬಾಲವೇ (ಎಕ್ಸ್‌ಟೆನ್ಷನ್) ಮುಖ್ಯ. ಪೈಥಾನ್ 3.3ರ ಜೊತೆ 2012ರಲ್ಲಿ ಬಂದ 'ಪೈ' ಲಾಂಚರ್ ಮಾತ್ರ ಶಿಬ್ಯಾಂಗ್ ಓದುತ್ತದೆ. ಆದರೆ ನಮ್ಮ ಲ್ಯಾಬಿನ ನಿಜವಾದ ಕಾಟವೇ ಬೇರೆ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಬರೆದ ಫೈಲಿನ ಪ್ರತಿ ಸಾಲಿನ ಕೊನೆಗೂ ಕ್ಯಾರೇಜ್ ರಿಟರ್ನ್ ಎಂಬ ಕಾಣದ ಅಕ್ಷರವೊಂದು ಅಂಟಿಕೊಂಡಿರುತ್ತದೆ. ಲಿನಕ್ಸ್ ಅದನ್ನೂ ಹೆಸರಿಗೆ ಸೇರಿಸಿಕೊಂಡು, ಜಗತ್ತಿನಲ್ಲೇ ಇಲ್ಲದ ಪೈಥಾನನ್ನು ಹುಡುಕಲು ಹೊರಡುತ್ತದೆ. ಪರದೆಯ ಮೇಲೆ ಸಾಲು ಸರಿಯಾಗಿಯೇ ಕಾಣುವುದರಿಂದ ಹುಡುಗರು ಅರ್ಧ ದಿನ ತಲೆ ಕೆಡಿಸಿಕೊಳ್ಳುತ್ತಾರೆ.

ಸ್ಕ್ರಿಪ್ಟನ್ನು ನಾಲ್ಕು ಜನರಿಗೆ ಹಂಚುವವರು ಎನ್ವ್ ಬಳಸಿ. ಕಳಿಸುವ ಮೊದಲು ಎಡಿಟರಿನಲ್ಲಿ ಸಾಲಿನ ಕೊನೆಯನ್ನು ಕ್ಯಾರೇಜ್ ರಿಟರ್ನ್ ಇಲ್ಲದ 'ಎಲ್‌ಎಫ್'ಗೆ ಬದಲಿಸಿಕೊಳ್ಳಿ.